ನಡುವ ಬಿದ್ದದ್ದು

ಟಿಳಕವಾಡಿ ಎರಡನೇ ಗೇಟಿನ ಹತ್ರ ತಗಡಿನ ಹಾಲ್.
ಜುಲೈ ತಿಂಗಳು. ಮಳಿ ಬಡಿಯೋ ಸಪ್ಪಳಕ್ಕ
ಅಂಕ ಹೇಳೋವ್ರ ಬಾಯಿ ಅಷ್ಟ ಕಾಣ್ತಿತ್ತು.
ಅಲ್ಲೇ ಗೋಮ್ಸ್ ಸರ್ ನಮ್ಮನ್ನ ಜೋಡಿ ಹಾಕಿದ್ರು:
ಖಾಸಬಾಗದ ನಾನು, ಅನಗೋಳದ ಪ್ರಣಾಲಿ ಚೌಗುಲೆ.
ಯಾಕಂತ ಕೇಳಿದ್ದಕ್ಕ
"ಒಬ್ಬಾಕಿ ಗಿಡ್ಡಿ, ಒಬ್ಬಾಕಿ ಎಡಚಿ, ಸಾಕು" ಅಂದ್ರು.

ಹದಿಮೂರು ವರ್ಷ.
ನನಗ ಮರಾಠಿ ಬರ್ತಿತ್ತು, ಬೇಕಂತ ಮಾತಾಡ್ತಿದ್ದಿಲ್ಲ.
ಆಕಿಗೆ ಕನ್ನಡ, ಹಂಗ.
ನಾನು "ನಂದ!" ಅಂತಿದ್ದೆ, ಆಕಿ "ಮಾಝಂ!" ಅಂತಿದ್ಳು,
ಕಾಕ್ ಇಬ್ಬರ ನಡುವ ಇಳಿದು
ಕಾಲ ಬುಡಕ ಕುಂದರ್ತಿತ್ತು, ನಮ್ಮನ್ನ ಮಂಗ್ಯಾ ಮಾಡಿ.
ಸರ್ ಅದನ್ನ ಎತ್ತಿ ಹಿಡಿದು ಕೇಳ್ತಿದ್ರು:
"ನಡುವ ಬಿದ್ದದ್ದು ಯಾರದು?"
ಒಬ್ಬರಿಗೊಬ್ಬರು ಬೊಟ್ಟು ಮಾಡಿದ್ವಿ.
ಹತ್ತು ಸುತ್ತು ಓಡ್ರಿ ಅಂದ್ರು.
ಮತ್ತ ಕೇಳಿದ್ರು. ಮತ್ತ ಹತ್ತು.

ಯಾರು ಮೊದಲ ಬದಲಿಸಿದ್ರೋ ನೆನಪಿಲ್ಲ.
ಆಕಿ ತಾನು ಅಂತಾಳ, ನಾ ನಾನು ಅಂತೀನಿ.
ಒಂದಿನ ಹಿಂದಿನ ಗೆರಿಯಿಂದ ಆಕಿ
"ನಂದ!" ಅಂತ ಒದರಿದ್ಳು,
ನನ್ನ ಮೊಣಕಾಲು ತಾನ ತಗ್ಗಿ ದಾರಿ ಬಿಟ್ತು.
ಮುಂದಿನದಕ್ಕ ನಾನು "ಮಾಝಂ!" ಅಂದೆ.
ಒದರೋ ಬಾಯಿದಲ್ಲ, ಕೇಳೋ ಕಿವಿದು ಮಾತು.
ನವೆಂಬರ್ ಒಂದಕ್ಕ ಊರಾಗ ಒಂದು ಓಣಿ ಹಳದಿ-ಕೆಂಪು,
ಒಂದು ಓಣಿ ಕರೇ ಪಟ್ಟಿ, ಬಸ್ ಬಂದ್.
ನಾವು ಹಾಲಿನ ಬಾಗಿಲು ಮುಂದ ಮಾಡಿ
ಒಬ್ಬರ ಭಾಷಾ ಒಬ್ಬರು
ಗಂಟಲು ಹರಿಯೋ ತನಕ ಒದರಿದ್ವಿ.

ಕಾಕಿನ ಡಬ್ಬಿ ತುಟ್ಟಿ. ಗರಿ ಗಟ್ಟಿ ಇರಲೆಂತ
ನಮ್ಮವ್ವ ಇಡ್ಲಿ ಪಾತ್ರಿ ಮುಚ್ಚಳ ಸರಿಸಿ
ಹಬಿ ಹಿಡಸ್ತಿದ್ಳು, ಒಂದೊಂದs, ಮೂಗು ಮುಚ್ಚಿಕೊಂಡು.
ಬಾತುಕೋಳಿದಂತ ಗೊತ್ತಾದ ದಿನ
ಅಪ್ಪ ಉಪ್ಪಿಟ್ಟು ಕೇಳಿದ.

ಹದಿನೇಳಕ್ಕ ಪಟ್ಟಿ ಬಂತು. ಪ್ರಣಾಲಿ ಹೆಸರು,
ಅದರ ಬಾಜೂಕ ಹೈದರಾಬಾದಿನ ಒಂದು ಉದ್ದನೆ ಹುಡುಗಿದು.
ಆಕಿ ಕುಂದಾ ತಂದಿದ್ಳು.
"ನೀ ತಗೋ ಮೊದಲ" "ನೀ ತಗೋ ಮೊದಲ"
ಡಬ್ಬಿ ಇಬ್ಬರ ನಡುವ ಬೆಂಚಿನ ಮ್ಯಾಲ ಉಳೀತು.
ಮರುದಿನ ಇರುವಿ ಸಾಲು.

ಸುರಬಾಯಾದಿಂದ ರಾತ್ರಿ ಫೋನ್ ಹಚ್ಚಿದ್ಳು.
ಹನ್ನೊಂದು, ಹದಿಮೂರು. ಸೋತಿದ್ಳು, ಅಳಲಿಲ್ಲ,
ಅಲ್ಲಿ ಸಾರು ಸಿಹಿ ಇರ್ತದಂತ ಬೈದ್ಳು.
ಆಮ್ಯಾಲ ಸಣ್ಣ ದನಿಲೆ:
"ಇವು ಹದಿನಾರರ ಪೋರಿ, ಲೆಸ್ತಾರಿ ಅಂತ ಒಬ್ಬಾಕಿ.
ಒದರೋದs ಇಲ್ಲ ಲೇ.
ಮುಂದ ನಿಂತಾಕಿ ತಿರುಗಿ ನೋಡೋದಿಲ್ಲ,
ಹಿಂದಿನಾಕಿ ಎಲ್ಲದಾಳಂತ ಬೆನ್ನಿಗೆ ಗೊತ್ತು.
ಏಳು ವರ್ಷಾತಂತ, ಒಂದs ಖೋಲಿ, ಒಂದs ಬಕೀಟು.
ನಂದು ನಿಂದು ಅನ್ನೋ ಅಷ್ಟು ಹೊತ್ತs
ಕೊಡೋದಿಲ್ಲ ಅವು ನಮಗ."

ಈಗ ನಾನು ಖಡೇಬಜಾರದಾಗ ರ‍್ಯಾಕೆಟ್ ಹೆಣೀತೀನಿ.
ನಿನ್ನೆ ಮೊಬೈಲಿನಾಗ ಆ ಆಟ ಹಚ್ಚಿದ್ದೆ.
ಎರಡನೇ ಗೇಮ್, ಒಂಬತ್ತು ಹದಿನೇಳು.
ಕಾಕ್ ನೆಟ್ಟಗ ನಡುವ ಇಳೀತು.
ಪ್ರಣಾಲಿ ಒದರಿದ್ಳು: "ನಂದ!"
ಹೈದರಾಬಾದಿನ ಹುಡುಗಿ ಒಂದು ಗಳಿಗಿ ತಡೆದ್ಳು,
ಆಮ್ಯಾಲ ಬ್ಯಾಟ್ ಬೀಸಿದ್ಳು, ಬ್ಯಾಟಿಗೆ ಬ್ಯಾಟ್ ಬಡೀತು.
ಇಲ್ಲಿ ನನ್ನ ಮೊಣಕಾಲು ಸ್ಟೂಲಿನ ಮ್ಯಾಲಿಂದ
ದಾರಿ ಬಿಡಾಕ ಹೋಗಿ
ಮಷೀನಿಗೆ ತಾಗಿತು, ದಾರ ಕಟ್ ಆತು.

ಗೋಡಿಗೆ ತೂಗಿದ್ದ ಸೀಳಿದ ಹಳೇ ಬ್ಯಾಟ್ ನೋಡಿ
ಶಾಲಿ ಹುಡುಗ ಕೇಳಿದ: "ಅಕ್ಕಾ, ಅದು ಯಾರದು?"
ಎರಡೂ ಮಾತು ಒಮ್ಮೆಲೇ ಬಾಯಿಗೆ ಬಂದು
ಒಂದಕ್ಕೊಂದು ಹಾದು, ಎರಡೂ ನಿಂತವು.
"ನಿಂದು ಇಪ್ಪತ್ತನಾಲ್ಕು ಪೌಂಡ್ ಸಾಕಲ್ಲೋ?" ಅಂದೆ.
"ಸಂಜಿ ಮುಂದ ಬಾ."